ಕಾರ್ಮೆಲ್ ಬಾಯಿ ಆರಿಸದ ಕಿಟ್

ಶುಕ್ರವಾರದ ಪೂಜೆ ಮುಗಿಸಿ, ಬಸ್ಸಿನಲ್ಲಿ ನಿಂತುಕೊಂಡೇ ಕುವೈತಿನ ಅಬ್ಬಾಸಿಯಾಕ್ಕೆ ಬಂದ ಕಾರ್ಮೆಲ್ ಬಾಯಿಗೆ ಮೂರು ಮಹಡಿ ಹತ್ತುವಷ್ಟರಲ್ಲಿ ಮೊಣಕಾಲು ಹೇಳಿದ ಮಾತು ಕೇಳದಂತಾಗಿತ್ತು. ಲಿಫ್ಟು ಕೆಟ್ಟು ಎಂಟು ದಿನ. ಕೋಣೆಯಲ್ಲಿದ್ದದ್ದು ಒಂದೇ ಮಂಚ. ಅದರಲ್ಲಿ ಮಗಳು ಶರ್ಲಿನ್ ನೈಟ್ ಡ್ಯೂಟಿ ಮುಗಿಸಿ ಬಂದು, ಪರದೆ ಎಳೆದುಕೊಂಡು ಮಲಗಿದ್ದಳು. ಕಾರ್ಮೆಲ್ ಸದ್ದಾಗದ ಹಾಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡಳು.

ತಾಯಿ ಮಗಳು ಇಬ್ಬರಿಗೂ ಜಾಬ್ರಿಯಾದ ಒಂದೇ ಕ್ಲಿನಿಕ್ಕಿನಲ್ಲಿ ಕೆಲಸ. ಮಗಳು ನರ್ಸ್, ತಾಯಿ ಕ್ಲೀನಿಂಗ್. ತಾಯಿ ಬೆಳಗ್ಗೆ ಐದೂವರೆಯ ಬಸ್ಸಿಗೆ ಹೋಗುವವಳು, ಮಗಳು ಸಂಜೆ ಆರರ ಬಸ್ಸಿಗೆ ಹೋಗಿ ಬೆಳಗ್ಗೆ ಎಂಟಕ್ಕೆ ಬರುವವಳು. ರಾತ್ರಿ ಮಂಚ ತಾಯಿಯದು, ಹಗಲು ಮಗಳದು. ವಾರದಲ್ಲಿ ಒಂದು ಶುಕ್ರವಾರ ಬಿಟ್ಟರೆ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿಕೊಂಡದ್ದೇ ಕಡಿಮೆ.

ಇನ್ನು ಏಳು ಶುಕ್ರವಾರ. ಜನವರಿಯಲ್ಲಿ ಊರಿನ ಇಗರ್ಜಿಯಲ್ಲಿ ಶರ್ಲಿನ್‌ಳ ಮದುವೆ. ಮದುವೆಗೆ ಹೋದ ಕಾರ್ಮೆಲ್ ಮತ್ತೆ ಬರುವವಳಲ್ಲ. ಇಪ್ಪತ್ತಾರು ವರ್ಷ ಆಯಿತು, ಸಾಕು. ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ರದ್ದು ಮಾಡುವ ಕಾಗದಕ್ಕೆ ಆಫೀಸಿನಲ್ಲಿ ಸಹಿ ಹಾಕುವುದೊಂದೇ ಬಾಕಿ. ಕಿನ್ನಿಗೋಳಿಯಲ್ಲಿ ಅಕ್ಕ ವೈಲೆಟ್ ತನ್ನ ಮನೆಯ ಹಿಂದಿನ ಕೋಣೆಗೆ ಸುಣ್ಣ ಬಳಿಸಿ, ಫ್ಯಾನು ಹಾಕಿಸಿ, ಫೋಟೊ ಕಳಿಸಿದ್ದಳು. ಕಾರ್ಮೆಲ್‌ಗೆ ಅದರಲ್ಲಿ ಬೇಕಾದದ್ದು ಒಂದೇ. ಹೊತ್ತು ನೆತ್ತಿಗೆ ಬರುವ ತನಕ ಮಲಗಿದರೂ ಯಾರೂ ಏಳಿಸಬಾರದು.

ಬಾಗಿಲು ಮೆಲ್ಲ ತಟ್ಟಿದ ಸದ್ದಾಯಿತು. ಆಲ್ರೊಯ್. ಶರ್ಲಿನ್‌ಳನ್ನು ಮದುವೆಯಾಗುವ ಹುಡುಗ, ಕುವೈತ್ ಸಿಟಿಯ ಒಂದು ಕಂಪನಿಯಲ್ಲಿ ಕ್ಲರ್ಕು. ಶುಕ್ರವಾರದ ಊಟಕ್ಕೆ ಬರುವುದು ಅವನ ರೂಢಿ.

"ಮಲಗಿದ್ದಾಳಾ ಆಂಟಿ?"

"ಸತ್ತ ಹಾಗೆ. ನೀನು ಕೂತ್ಕೋ ಪುತಾ. ಸ್ಟೂಲಿನ ಒಂದು ಕಾಲು ಗಟ್ಟಿ ಇಲ್ಲ, ಜಾಗ್ರತೆ."

ಆಲ್ರೊಯ್ ಕೂತ. ಫೋನು ತೆಗೆದ, ಒಳಗಿಟ್ಟ, ಪುನಃ ತೆಗೆದ. ಕೊನೆಗೆ ಕುರ್ಚಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ: "ಆಂಟಿ, ನಿಮಗೆ ಇದ್ರಲ್ಲಿ ದೊಡ್ಡ ಡಿಗ್ರಿ ಉಂಟಂತಲ್ಲ. ಇದು ಎರಡರಲ್ಲಿ ಯಾವುದು ಒಳ್ಳೆದು?"

ಫೋನಿನಲ್ಲಿ ಎರಡು ಚಿತ್ರ. ಒಂದು ಬಿಳಿ ಬಕೆಟ್ಟು, ಅದರ ಮುಚ್ಚಳದಲ್ಲಿ ಗಾಳಿ ಹೋಗುವ ಸಣ್ಣ ನಳಿಗೆ, ಪಕ್ಕದಲ್ಲಿ ಬಿಯರಿನ ಚಿತ್ರವಿದ್ದ ಡಬ್ಬಿ. ಇನ್ನೊಂದರಲ್ಲೂ ಹಾಗೆಯೇ ಬಕೆಟ್ಟು, ನಳಿಗೆ, ಆದರೆ ಡಬ್ಬಿಯ ಮೇಲೆ ಸೇಬು. ಓದದಿದ್ದರೂ ಕಾರ್ಮೆಲ್‌ಗೆ ಗೊತ್ತಾಯಿತು. ಮದ್ಯಕ್ಕೆ ನಿಷೇಧವಿರುವ ಈ ದೇಶದಲ್ಲಿ ಜನ ಮನೆಯಲ್ಲೇ ಗುಟ್ಟಾಗಿ ಮದ್ಯ ಮಾಡಿಕೊಳ್ಳುವ ಸಾಮಾನು: ಒಂದು ಬಿಯರ್ ಕಿಟ್, ಒಂದು ಸೇಬಿನ ರಸದ ಸೈಡರ್ ಕಿಟ್.

"ನಮ್ಮ ಕಂಪನಿಯವ ಒಬ್ಬ ರಜೆಗೆ ಲಂಡನ್ನಿಗೆ ಹೋಗಿದ್ದಾನೆ. ಡಬ್ಬಿಯ ಚೀಟಿ ಕಿತ್ತು ಸೂಟ್‌ಕೇಸಲ್ಲಿ ತರ್ತಾನಂತೆ. ಯಾವುದಾದ್ರೂ ಒಂದೇ ಅಂತ ಹೇಳಿದ."

ಕಾರ್ಮೆಲ್ ಕನ್ನಡಕ ಸೀರೆಯ ಸೆರಗಿನಲ್ಲಿ ಒರೆಸಿ ಪುನಃ ಹಾಕಿಕೊಂಡಳು. ಈ ಬಕೆಟ್ಟು ಅವಳಿಗೆ ಹೊಸತಲ್ಲ. ಇಂಥದ್ದನ್ನು ಅವಳು ಒಂಬತ್ತು ವರ್ಷ ತಿಕ್ಕಿ ತೊಳೆದವಳು.

ಕುವೈತಿಗೆ ಬಂದ ಹೊಸತರಲ್ಲಿ ಅವಳು ಮಂಗಾಫಿನಲ್ಲಿ ಗ್ರಹಾಂ ಸರ್ ಮನೆಯಲ್ಲಿ ಕೆಲಸಕ್ಕಿದ್ದಳು. ಇಂಗ್ಲಿಷ್ ಶಾಲೆಯ ಮೇಷ್ಟ್ರು. ಹೆಂಡತಿ ವೆಂಡಿ ಮೇಡಂ. ಪ್ರತಿ ಬೇಸಿಗೆಗೆ ಊರಿಗೆ ಹೋದವರು ಬರುವಾಗ ಬಟ್ಟೆಯ ನಡುವೆ ಚೀಟಿಯಿಲ್ಲದ ಡಬ್ಬಿ, ಕಾಲುಚೀಲದ ಒಳಗೆ ಯೀಸ್ಟಿನ ಪೊಟ್ಟಣ. ಅತಿಥಿಗಳ ಬಚ್ಚಲುಮನೆಯಲ್ಲಿ ಬಕೆಟ್ಟು. ಅಲ್ಲಿಗೆ ಏಸಿ ಹಗಲೂ ರಾತ್ರಿ. ಕಾರ್ಮೆಲ್ ಮಲಗುತ್ತಿದ್ದ ಕೋಣೆಗೆ ಏಸಿ ಇರಲಿಲ್ಲ. ತಂಪು ಬೇಕಾದ ಬಿಯರು ಈ ದೇಶದ ಉರಿಗೆ ಕೆಡುತ್ತದೆ, ಸೈಡರು ಬಡವರ ಮಕ್ಕಳ ಹಾಗೆ ಎಲ್ಲದಕ್ಕೂ ಹೊಂದಿಕೊಳ್ಳುತ್ತದೆ, ಆದರೆ ಕಾಯಬೇಕು. ಇಷ್ಟೆಲ್ಲ ಅವಳು ಕಲಿತದ್ದು ಪಾತ್ರೆ ತೊಳೆಯುತ್ತ.

ವಾರಕ್ಕೊಮ್ಮೆ ಮನೆಗೆ ಸ್ನೇಹಿತರು ಬರುತ್ತಿದ್ದರು. ಅವರಿಗೂ ಕಿಟ್ ಬೇಕು. ಯಾವುದು ತರಿಸುವುದು ಎಂದು ಮೇಡಂ ಹತ್ತಿರ ಕೇಳುತ್ತಿದ್ದರು. ಸರ್ ನಗಾಡುತ್ತ, "ಕಾರ್ಮೆಲ್ ಹತ್ತಿರ ಕೇಳಿ, ನಮ್ಮ ಮನೆಯ ತಜ್ಞೆ ಅವಳು" ಎನ್ನುತ್ತಿದ್ದರು. ಕಾರ್ಮೆಲ್ ತಟ್ಟೆ ಹಿಡಿದುಕೊಂಡು ನಿಂತು ಒಬ್ಬೊಬ್ಬರ ಬಾಯಿಂದ ಮೊದಲು ಏನು ಬರುತ್ತದೆಂದು ಕೇಳಿಸಿಕೊಳ್ಳುತ್ತಿದ್ದಳು. ರುಚಿ ಹೇಗೆ ಎಂದು ಕೇಳುವವನು ಊಟದ ಆಸೆಯವನು. ವಾಸನೆ ಬರ್ತದಾ ಎಂದು ಕೇಳುವವನು ಹೆದರುಪುಕ್ಕಲ, ಅವನು ಕೊನೆಗೆ ಮಾಡುವುದೇ ಇಲ್ಲ. ಎಷ್ಟು ದಿನಕ್ಕೆ ಆಗ್ತದೆ, ಸಕ್ಕರೆ ಜಾಸ್ತಿ ಹಾಕಿದ್ರೆ ಗಟ್ಟಿಯಾಗ್ತದಾ ಎಂದು ಕೇಳುವವನೇ ಬೇರೆ. ಅಂಥವನೊಬ್ಬ ಎಂಜಿನಿಯರ್ ಇದ್ದ, ಸಭ್ಯ ಮನುಷ್ಯ, ಕಾರ್ಮೆಲ್‌ಗೆ ಪ್ರತಿ ಸಲ ನಮಸ್ಕಾರ ಹೇಳುವವನು. ವರ್ಷ ಕಳೆಯುವುದರೊಳಗೆ ಅವನ ಹೆಂಡತಿ ಮಕ್ಕಳನ್ನು ಕರೆದುಕೊಂಡು ವಿಮಾನ ಹತ್ತಿದಳು.

ಕಾರ್ಮೆಲ್‌ಗೆ ಆಗ ಆಶ್ಚರ್ಯವಾಗಿರಲಿಲ್ಲ. ಅವಳ ಗಂಡ ಸೈಮನ್ ಕೂಡ ಬೆಳಗ್ಗೆ ಎದ್ದು ಮೊದಲು ಕೇಳುತ್ತಿದ್ದದ್ದು, ಗಂಟೆ ಎಷ್ಟಾಯ್ತು, ಅಂಗಡಿ ತೆರೆದಿರಬಹುದಾ ಎಂದು.

ಈಗ ಅವಳು ಆಲ್ರೊಯ್‌ನ ಮುಖವನ್ನೇ ನೋಡಿದಳು. ಶೇವ್ ಮಾಡಿದ ಗಲ್ಲ, ಇಸ್ತ್ರಿ ಹಾಕಿದ ಅಂಗಿ. ದೇವರೇ, ಇವನೂ ಅದೇ ಕೇಳಿದರೆ ಏನು ಮಾಡಲಿ? ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗಿದೆ.

"ನಿನಗೆ ಇದರ ಬಗ್ಗೆ ಎಂತ ಗೊತ್ತಾಗ್ಬೇಕು ಪುತಾ? ಮೊದಲು ಅದು ಹೇಳು."

ಆಲ್ರೊಯ್ ತಲೆ ಕೆರೆದುಕೊಂಡ. "ಇದು ಎಷ್ಟು ಭಾರ ಇರ್ತದೆ ಆಂಟಿ? ಲಿಫ್ಟು ಇಲ್ಲ ಅಲ್ವಾ, ಮೂರು ಮಾಳಿಗೆ ನಾನೇ ಹೊರ್ಬೇಕು."

ಕಾರ್ಮೆಲ್‌ಗೆ ನಗು ತಡೆಯಲಿಲ್ಲ. ಸೆರಗು ಬಾಯಿಗಿಟ್ಟುಕೊಂಡಳು. ಎದೆಯಿಂದ ಒಂದು ಅಕ್ಕಿ ಮೂಟೆ ಇಳಿಸಿದ ಹಾಗಾಯಿತು. ಇವನು ಕುಡುಕನಲ್ಲ, ಕೂಲಿ.

"ನಗ್ಬೇಡಿ ಆಂಟಿ. ಇನ್ನೂ ಎರಡು ಕೇಳ್ಲಿಕ್ಕೆ ಉಂಟು. ಮರ್ತು ಹೋಗ್ತದೆ ಅಂತ ಬರ್ಕೊಂಡು ಬಂದಿದ್ದೇನೆ." ಫೋನು ನೋಡಿ ಓದಿದ: "ಎಷ್ಟು ದಿನಕ್ಕೆ ರೆಡಿ ಆಗ್ತದೆ. ಸಕ್ಕರೆ ಜಾಸ್ತಿ ಹಾಕಿದ್ರೆ ಸ್ಟ್ರಾಂಗ್ ಆಗ್ತದಾ."

ನಗು ಅಲ್ಲಿಗೇ ನಿಂತಿತು.

"ಇದು ಯಾರು ಬರೆಸಿದ್ದು?"

"ಶರ್ಲಿನ್. ಅವಳೇ ಕೇಳಿದ್ರೆ ನೀವು ಬೈತೀರಿ ಅಂತ ನನ್ನನ್ನು ಮುಂದೆ ಮಾಡಿದ್ದು. ಊರಿಗೆ ಹೋಗುವ ಮೊದಲು ಫ್ರೆಂಡ್ಸಿಗೆ ಒಂದು ಸಣ್ಣ ಪಾರ್ಟಿ, ಅಷ್ಟೇ ಆಂಟಿ."

ಕಾರ್ಮೆಲ್ ಪರದೆಯ ಕಡೆ ನೋಡಿದಳು. ಆಮೇಲೆ ಪರ್ಸಿನಿಂದ ಅರ್ಧ ದಿನಾರು ತೆಗೆದು ಅವನ ಕೈಗಿಟ್ಟಳು. "ಕುಬ್ಬೂಸ್ ರೊಟ್ಟಿ ಮುಗಿದಿದೆ. ಬೇಕರಿಯಿಂದ ಬಿಸಿಯದು ತಾ. ಕ್ಯೂ ಇದ್ರೂ ನಿಂತು ತಾ."

ಅವನು ಹೋದ ಮೇಲೆ ಅವಳಿಗೆ ಅಡಿಗೆಮನೆಯ ಡಬ್ಬಿಯಲ್ಲಿ ಯೀಸ್ಟಿನ ಪೊಟ್ಟಣ ಕಂಡದ್ದು ನೆನಪಾಯಿತು. ಎರಡು ತಿಂಗಳಿಂದ ಕಾಣುತ್ತಿತ್ತು. ಊರಿನಲ್ಲಿ ಸಣ್ಣಕ್ಕೆ, ಇಡ್ಲಿಯಂಥ ಆ ತಿಂಡಿಗೆ, ಶೇಂದಿ ಹಾಕಿ ಹಿಟ್ಟು ಉಬ್ಬಿಸುತ್ತಾರೆ, ಇಲ್ಲಿ ಶೇಂದಿ ಎಲ್ಲಿಂದ, ಯೀಸ್ಟೇ ಗತಿ. ಮಗಳು ಮದುವೆಗೆ ಮುಂಚೆ ಸಣ್ಣ ಮಾಡಲು ಕಲಿಯುತ್ತಿದ್ದಾಳೆ ಎಂದು ಕಾರ್ಮೆಲ್ ಒಳಗೊಳಗೇ ಸಂತೋಷಪಟ್ಟಿದ್ದಳು. ವೈಲೆಟ್‌ಗೆ ಫೋನಿನಲ್ಲಿ ಹೇಳಿಯೂ ಇದ್ದಳು. ಅದೇ ಫ್ಲ್ಯಾಟಿನ ಇನ್ನೊಂದು ಕೋಣೆಯಲ್ಲಿ ಗಂಡ ಬಾಸಿತ್ ಜೊತೆ ಇರುವ ಉಳ್ಳಾಲದ ಕದೀಜಾ ಒಮ್ಮೆ ಕೇಳಿದ್ದಳು: "ಕಾರ್ಮೆಲ್ ಬಾಯಿ, ನಿಮ್ಮ ಕೋಣೆಯಿಂದ ಹುಳಿ ಹಿಟ್ಟಿನ ವಾಸನೆ ಬರ್ತದೆ. ಸಣ್ಣ ಮಾತ್ರ ನಮಗೆ ಒಂದೂ ಬರ್ಲಿಲ್ಲ!" ಮಗಳು ಪಾತ್ರೆ ತೊಳೆಯುವುದರಲ್ಲಿ ಸೋಮಾರಿ ಎಂದು ಕಾರ್ಮೆಲ್ ಮಾತು ತೇಲಿಸಿದ್ದಳು.

ಗೋಡೆ ಹಿಡಿದುಕೊಂಡು ಮೊಣಕಾಲು ಮಡಚಿ ನೆಲಕ್ಕಿಳಿದು, ಮಂಚದಿಂದ ಇಳಿಬಿದ್ದ ಚಾದರ ಎತ್ತಿದಳು. ಊರಿಗೆ ಕೊಂಡುಹೋಗಲು ತುಂಬಿಸಿಟ್ಟ ದೊಡ್ಡ ಸೂಟ್‌ಕೇಸು. ಅದನ್ನು ಸರಿಸಿದಾಗ ಗೋಡೆಯ ಮೂಲೆಯಲ್ಲಿ ದ್ರಾಕ್ಷಿ ರಸದ ಮೂರು ಬಾಟ್ಲಿ. ಎರಡು ಖಾಲಿ. ಮೂರನೆಯದರ ಬಾಯಿಗೆ ಕ್ಲಿನಿಕ್ಕಿನ ಕೈಗವಸು ಎಳೆದು ಕಟ್ಟಿತ್ತು. ಒಳಗೆ ಹುಳಿಯುತ್ತಿದ್ದ ರಸದ ಗಾಳಿ ತುಂಬಿ ಐದೂ ಬೆರಳು ಉಬ್ಬಿ ನಿಂತಿದ್ದವು. ಕಾರ್ಮೆಲ್ ದಿನಾ ಅಂಥ ನೂರಾರು ಕೈಗವಸು ಕಸದ ಚೀಲಕ್ಕೆ ತುಂಬುವವಳು. ಆದರೆ ಒಂದು ಕೈ ತನಗೆ ನಿಲ್ಲು ಎಂದು ಹೇಳುವ ಹಾಗೆ ಎದ್ದು ನಿಂತದ್ದನ್ನು ಅವಳು ನೋಡಿರಲಿಲ್ಲ.

ಬಾಟ್ಲಿ ಎಳೆಯುವಾಗ ಸೂಟ್‌ಕೇಸಿಗೆ ತಾಗಿ ಸದ್ದಾಯಿತು. ಪರದೆಯ ಆಚೆ ಮಂಚ ಕಿರ್ರೆಂದಿತು.

"ಮಮ್ಮಿ, ಅದು ವಿನೆಗರ್."

"ಹೌದಾ? ವಿನೆಗರ್‌ಗೆ ಕೈ ಯಾಕೆ ಮಗಾ?"

ಶರ್ಲಿನ್ ಎದ್ದು ಕೂತಳು. ಇಪ್ಪತ್ತೆಂಟರ ಹುಡುಗಿ, ಕಣ್ಣಿನ ಕೆಳಗೆ ಐವತ್ತರವಳ ಹಾಗೆ ಊದಿತ್ತು. "ಎಲ್ಲರೂ ಮಾಡ್ತಾರೆ. ನಮ್ಮ ವಾರ್ಡಿನಲ್ಲಿ ಯಾರ ಹತ್ತಿರ ಬೇಕಾದ್ರೂ ಕೇಳಿ. ನನಗೆ ನಿದ್ದೆ ಬರುದಿಲ್ಲ ಮಮ್ಮಿ. ಹನ್ನೆರಡು ಗಂಟೆ ನಿಂತು ಬಂದು, ಹೊರಗೆ ಸೂರ್ಯ ಇರುವಾಗ ಕಣ್ಣು ಮುಚ್ಚಿದ್ರೆ ಮಾನಿಟರ್ ಕಿರುಚಿದ ಹಾಗೆ ಆಗ್ತದೆ. ಎರಡು ಗ್ಲಾಸ್ ತಗೊಂಡ್ರೆ ನಿದ್ದೆ. ಅಷ್ಟೇ."

"ಸುರುವಿಗೆ ಎಷ್ಟು ಗ್ಲಾಸಿತ್ತು?"

ಶರ್ಲಿನ್ ಚಾದರ ಮೊಣಕಾಲಿಗೆ ಎಳೆದುಕೊಂಡಳು.

"ಪೊಲೀಸರು ಬಂದ್ರೆ ನೀನು ಮಾತ್ರ ಅಲ್ಲ, ನಾನು, ಕದೀಜಾ, ಬಾಸಿತ್, ಎಲ್ಲರೂ ಒಂದೇ ವಿಮಾನದಲ್ಲಿ ಹೋಗ್ಬೇಕು. ಹೋಗ್ಲಿ, ನನಗೆ ಹೇಗೂ ಹೋಗ್ಲಿಕ್ಕುಂಟು. ನಿನ್ನ ಅಪ್ಪ ಕೂಡ ನಿದ್ದೆಗೆ ಅಂತಲೇ ಹೇಳ್ತಿದ್ದದ್ದು, ಗೊತ್ತುಂಟಾ?"

"ಪಪ್ಪನ ಸುದ್ದಿ ನನಗೆ ಹೇಳ್ಬೇಡಿ!" ಶರ್ಲಿನ್‌ಳ ದನಿ ಏರಿತು. "ಪಪ್ಪ ಹೊಡೀತಿದ್ರು. ನಾನು ಯಾರಿಗೂ ಹೊಡೀಲಿಲ್ಲ, ಮಲಗ್ತೇನೆ ಅಷ್ಟೇ. ಮತ್ತೆ ಆ ವರ್ಷಗಳೆಲ್ಲ ನೀವು ಇಲ್ಲಿದ್ರಿ. ನೀವು ಇಲ್ಲಿ ಸಾಹೇಬರ ಬಕೆಟ್ ತೊಳೀತಿದ್ರಿ. ಅಲ್ಲಿ ಪಪ್ಪನ ಬಾಟ್ಲಿ ಹೆಕ್ಕಿದ್ದು ನಾನು. ಏಳು ವರ್ಷದವಳು ನಾನು."

ಕಾರ್ಮೆಲ್ ನೆಲದಲ್ಲೇ ಕೂತಿದ್ದಳು. ಏಳಲು ಆಗಲೂ ಇಲ್ಲ. ಮಗಳ ಮಾತಿನಲ್ಲಿ ಸುಳ್ಳಿರಲಿಲ್ಲ. ಎರಡು ವರ್ಷದ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಹೊರಟವಳು ಅವಳು. ಸೈಮನ್ ಸತ್ತ ಸುದ್ದಿ ಬಂದಾಗಲೂ ಸರ್ ಮನೆಯಲ್ಲಿ ಅತಿಥಿಗಳಿದ್ದರು, ಎಂಟು ಗ್ಲಾಸು ತೊಳೆದಿಟ್ಟೇ ಅತ್ತಿದ್ದಳು.

ಅತ್ತೆಯ ನೆನಪಾಯಿತು. ಮದುವೆಗೆ ಮುಂಚೆ ಹೆಣ್ಣು ನೋಡಲು ಬಂದವಳು, ಕಾರ್ಮೆಲ್‌ಳ ಗಲ್ಲ ಹಿಡಿದು, ನನ್ನ ಮಗ ಬಂಗಾರದಂಥವನು, ಸ್ವಲ್ಪ ಮುಂಗೋಪ ಎಂದಿದ್ದಳು. ಅಷ್ಟೇ ಹೇಳಿದ್ದು. ಬೇರೆ ಎಲ್ಲ ಅವಳಿಗೆ ಗೊತ್ತಿತ್ತು. ಮದುವೆಯಾಗಿ ನಾಲ್ಕು ತಿಂಗಳಿಗೆ, ಸೊಸೆಯ ತುಟಿಗೆ ಅರಿಶಿನ ಹಚ್ಚುತ್ತ, "ಮದುವೆ ಆದ್ರೆ ಸರಿ ಹೋಗ್ತಾನೆ ಅಂತ ಗ್ರಹಿಸಿದ್ದೆ ಮಗಾ, ನನಗೂ ಸಾಕಾಗಿತ್ತು" ಎಂದಿದ್ದಳು. ಆ ಸಾಕಾಗಿತ್ತು ಎಂಬ ಮಾತನ್ನು ಕಾರ್ಮೆಲ್ ಮೂವತ್ತು ವರ್ಷ ಕ್ಷಮಿಸಿರಲಿಲ್ಲ.

ಈಗ ತನಗೂ ಸಾಕಾಗಿದೆ. ಬಾಟ್ಲಿಯನ್ನು ಪುನಃ ಮಂಚದಡಿಗೆ ತಳ್ಳಿದರೆ ಮುಗಿಯಿತು. ಜನವರಿಯಲ್ಲಿ ಮದುವೆ. ಮತ್ತೆ ಅದು ಆಲ್ರೊಯ್‌ನ ಪಾಲು. ಅವನು ಒಳ್ಳೆಯ ಹುಡುಗ, ಹೊರುತ್ತಾನೆ.

ಮೆಟ್ಟಿಲಲ್ಲಿ ಬೂಟಿನ ಸದ್ದು ಕೇಳಿತು. ಶರ್ಲಿನ್ ಬಾಟ್ಲಿಗೆ ಕೈ ಹಾಕಿದಳು. ಕಾರ್ಮೆಲ್ ಅದನ್ನು ಬಿಡಲಿಲ್ಲ.

"ಮಮ್ಮಿ, ಪ್ಲೀಸ್. ಅವನೆದುರು ಬೇಡ. ನಾನು ನಿಲ್ಲಿಸ್ತೇನೆ. ಪ್ರಾಮಿಸ್."

"ನೀನೇ ಹೇಳು ಅವನಿಗೆ. ನೀನು ಹೇಳಿದ್ರೆ ಅದು ನಿನ್ನ ಮಾತು. ನಾನು ಹೇಳಿದ್ರೆ ಚಾಡಿ ಆಗ್ತದೆ."

ಆಲ್ರೊಯ್ ಬಾಗಿಲು ದೂಡಿಕೊಂಡು ಬಂದ. ಎದೆಗೊತ್ತಿ ಹಿಡಿದ ಕಾಗದದಲ್ಲಿ ಬಿಸಿ ಕುಬ್ಬೂಸ್. ನೆಲದಲ್ಲಿ ಕೂತ ತಾಯಿ, ಮಂಚದಲ್ಲಿ ಕೂತ ಮಗಳು, ಇಬ್ಬರ ನಡುವೆ ಕೈ ಎತ್ತಿದ ಬಾಟ್ಲಿ.

"ಇದೆಂತ? ಬಾಟ್ಲಿ ಹೈ ಹೇಳ್ತಾ ಉಂಟಾ?" ಎಂದು ನಗಲು ನೋಡಿದ. ಯಾರೂ ನಗದಿದ್ದಾಗ ಅವನ ನಗುವೂ ಹೋಯಿತು.

ಶರ್ಲಿನ್ ಬಾಟ್ಲಿಯಿಂದ ಕೈ ತೆಗೆದಳು. ಆಮೇಲೆ ಇಂಗ್ಲಿಷಿನಲ್ಲಿ ಶುರು ಮಾಡಿದಳು, ನಡುವೆ ಕೊಂಕಣಿಗೆ ಬಂದಳು. ಪಾರ್ಟಿ ಗೀರ್ಟಿ ಏನೂ ಇಲ್ಲ ಎಂದಳು. ರಸದ ಬಾಟ್ಲಿಯಲ್ಲಿ ಮಾಡಿದ್ದು ಸಾಲುವುದಿಲ್ಲ, ಬಕೆಟ್ಟಿನಲ್ಲಾದರೆ ತಿಂಗಳಿಗೆ ಸಾಕೆಂದು ಕಿಟ್ ತರಿಸಲು ಹೇಳಿದ್ದು ಎಂದಳು. ಹೇಳಿ ಮುಗಿಸಿ ಮುಖ ತಲೆದಿಂಬಿಗೆ ಒತ್ತಿಕೊಂಡಳು.

ಆಲ್ರೊಯ್ ಆ ಕಾಲು ಗಟ್ಟಿಯಿಲ್ಲದ ಸ್ಟೂಲಿನಲ್ಲಿ ಕೂತ. ಕುಬ್ಬೂಸನ್ನು ಕೆಳಗಿಡುವುದು ಅವನಿಗೆ ತೋಚಲಿಲ್ಲ.

"ವಾಸನೆ ನನಗೆ ಬರ್ತಿತ್ತು ಆಂಟಿ," ಎಂದ. "ಕೇಳಿದ್ರೆ ಮೌತ್‌ವಾಶ್ ಅಂತಿದ್ಲು. ನಾನು ಕೂಡ ಅದೇ ಬ್ರಾಂಡ್ ತಗೊಂಡೆ." ಆಮೇಲೆ, "ಜನವರಿಗೆ ಬೇಡ," ಎಂದ.

ದಿಂಬಿನಿಂದ ಮುಖ ಮೇಲೆದ್ದಿತು.

"ಮದುವೆ ಬೇಡ ಅಂತ ನಾನು ಹೇಳ್ಲಿಲ್ಲ. ಜನವರಿಗೆ ಬೇಡ ಅಂದದ್ದು. ಈಸ್ಟರ್ ಕಳೀಲಿ, ನೋಡುವಾ. ಮನೆಯಲ್ಲಿ ರಜೆ ಸಿಗ್ಲಿಲ್ಲ ಅಂತ ಹೇಳ್ತೇನೆ." ದನಿ ಸ್ವಲ್ಪ ಒರಟಾಗಿತ್ತು. "ನನ್ನನ್ನು ಹಮಾಲಿ ಮಾಡಿದಿ ಅಲ್ವಾ ನೀನು? ಅದೂ ಸುಳ್ಳು ಹೇಳಿ."

ಮದುವೆ ಈಸ್ಟರಿಗೆ ಹೋದರೆ ತನ್ನ ಏಳು ಶುಕ್ರವಾರದ ಲೆಕ್ಕ ಏನಾಯಿತೆಂದು ಕಾರ್ಮೆಲ್‌ಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಮಂಚದ ಅಂಚು ಹಿಡಿದು, ಎರಡು ಸಲ ಸೋತು, ಮೂರನೆಯ ಸಲಕ್ಕೆ ಎದ್ದಳು. ಕೈಗವಸು ಬಿಚ್ಚಿದಾಗ ಬುಸ್ಸೆಂದು ಉಸಿರು ಬಿಟ್ಟಿತು. ಬಾಟ್ಲಿ ಪಾಯಿಖಾನೆಗೆ ಸುರಿದು, ಮೂರು ಚೊಂಬು ನೀರು ಹೊಯ್ದು, ಫಿನಾಯಿಲ್ ಹಾಕಿದಳು.

ಹೊರಗೆ ಬರುವಾಗ ಕದೀಜಾ ಮೀನು ಸಾರಿನ ಬೋಗುಣಿ ಹಿಡಿದು ನಿಂತಿದ್ದಳು. ಮೂಗು ಅರಳಿಸಿದಳು. "ಸಣ್ಣದ ಹಿಟ್ಟು ಚೆಲ್ಲಿದ್ರಾ?"

"ಚೆಲ್ಲಿದೆ ಮಾರಾಯ್ತಿ. ಹುಳಿ ಜಾಸ್ತಿ ಆಗಿತ್ತು."

"ಅಲ್ಲಾಹ್, ಇಷ್ಟು ದಿವಸದ ಹಿಟ್ಟಾ!" ಎಂದ ಕದೀಜಾ ಕೋಣೆಯೊಳಗೆ ಒಮ್ಮೆ ಇಣುಕಿದಳು. ಶರ್ಲಿನ್‌ಳ ಕೆಂಪು ಕಣ್ಣು, ಕುಬ್ಬೂಸ್ ತಬ್ಬಿ ಕೂತ ಹುಡುಗ. ಅವಳೇನೂ ದಡ್ಡಿಯಲ್ಲ. ಬೋಗುಣಿ ಕಾರ್ಮೆಲ್‌ಳ ಕೈಗಿಟ್ಟು, ದನಿ ತಗ್ಗಿಸಿ, "ಒಳ್ಳೆದು ಮಾಡಿದ್ರಿ, ನಾನು ಬಾಸಿತ್‌ಗೆ ಹೇಳ್ಲಿಕ್ಕಿಲ್ಲ" ಎಂದು ಹೋದಳು.

ಊಟಕ್ಕೆ ಮೂವರೂ ಕೂತರು. ಆಲ್ರೊಯ್‌ಗೆ ಮುಳ್ಳು ತೆಗೆದ ಮೀನನ್ನು ಶರ್ಲಿನ್‌ಳ ತಟ್ಟೆಯ ಬದಿಗೆ ಹಾಕುವ ಅಭ್ಯಾಸವಿತ್ತು. ಅವತ್ತು ಹಾಕಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, ಬೂಟಿನ ದಾರ ಕಟ್ಟುತ್ತ, "ಲಂಡನ್ನಿಗೆ ಹೋದವನಿಗೆ ಕಿಟ್ ಬೇಡ ಅಂತ ಮೆಸೇಜ್ ಹಾಕಿದ್ದೇನೆ ಆಂಟಿ. ಬರುವ ಶುಕ್ರವಾರ ಬರ್ತೇನೆ" ಎಂದ. ಅಷ್ಟು ಹೇಳಿದ್ದು ಕಾರ್ಮೆಲ್‌ಗೆ ದೊಡ್ಡದಾಗಿ ಕಂಡಿತು.

ಭಾನುವಾರ ಮಧ್ಯಾಹ್ನ ಅವಳು ಮಾಪು ಬದಿಗಿಟ್ಟು ಕ್ಲಿನಿಕ್ಕಿನ ಆಫೀಸಿಗೆ ಹೋದಳು. ಕ್ಲೀನಿಂಗಿನವರನ್ನು ನೋಡಿಕೊಳ್ಳುವವಳು ಫರ್ಸಾನಾ, ಹೈದರಾಬಾದಿನ ಹೆಂಗಸು. ಎದುರಿನ ಕುರ್ಚಿ ತೋರಿಸಿ, ಕಾಗದ ಮುಂದೆ ದೂಡಿದಳು. "ಯಲ್ಲಾ ಅಮ್ಮಾ, ಸಹಿ ಹಾಕಿ. ಆಮೇಲೆ ಖಲಾಸ್, ಊರಲ್ಲಿ ಆರಾಮ್."

"ಇದು ಈಗ ಬೇಡ. ಎರಡು ವರ್ಷಕ್ಕೆ ರಿನೀವ್ ಮಾಡಿಸಿ," ಎಂದಳು ಕಾರ್ಮೆಲ್.

ಫರ್ಸಾನಾ ಕನ್ನಡಕದ ಮೇಲಿಂದ ನೋಡಿದಳು. "ಹೋದ ವಾರ ಮೊಣಕಾಲು ತೋರಿಸಿ ಅತ್ತದ್ದು ಯಾರು?"

"ನಾನೇ. ಮತ್ತೆ ನನಗೆ ಡ್ಯೂಟಿ ಬದಲಾಯಿಸಿ ಕೊಡಿ. ರಾತ್ರಿ ಪಾಳಿ."

"ನಿಮಗೆ ತಲೆ ಕೆಟ್ಟಿದೆಯಾ? ಎಲ್ಲರೂ ನೈಟ್ ಬೇಡ ಅಂತ ನನ್ನ ಜೀವ ತಿಂತಾರೆ."

"ಹಾಗಾದ್ರೆ ಕೊಡ್ಲಿಕ್ಕೆ ನಿಮಗೆ ಸುಲಭ ಅಲ್ವಾ?"

ಕಾರಣ ಕೇಳಿದ್ದಕ್ಕೆ, ಹಗಲು ಮನೆಯಲ್ಲಿ ಕೆಲಸ ಉಂಟು ಎಂದಷ್ಟೇ ಹೇಳಿದಳು. ಮಗಳನ್ನು ಹಗಲು ಪಾಳಿಗೆ ಹಾಕಿ ಎಂದು ನರ್ಸುಗಳ ಆಫೀಸಿನಲ್ಲಿ ಆಗಲೇ ಕೇಳಿ ಬಂದಿದ್ದಳು. ಆರು ತಿಂಗಳು ಸಾಧ್ಯವಿಲ್ಲ, ಜನ ಇಲ್ಲ ಎಂದಿದ್ದರು.

ವೈಲೆಟ್‌ಗೆ ಫೋನು ಮಾಡಿದಾಗ ಅವಳು ಮೊದಲು ಬೈದಳು, ಆಮೇಲೆ ಅತ್ತಳು. "ನಿನ್ನ ಮಗಳು ಎಂತ ಸಣ್ಣ ಮಗುವಾ? ಇನ್ನೂ ತೊಟ್ಟಿಲು ತೂಗ್ಲಿಕ್ಕುಂಟಾ?" ಎಂದಳು. ತೂಗುವ ಕಾಲದಲ್ಲಿ ತೂಗಲಿಲ್ಲವಲ್ಲ ಎಂದು ಕಾರ್ಮೆಲ್ ಹೇಳಲಿಲ್ಲ. ಕಾರ್ಡಿನಲ್ಲಿ ದುಡ್ಡು ಮುಗೀತಾ ಬಂತು ಎಂದು ಫೋನಿಟ್ಟಳು.

ಮರುವಾರದಿಂದ ಸಂಜೆ ಆರರ ಬಸ್ಸಿಗೆ ಇಬ್ಬರೂ ಹೊರಟರು. ಮೊದಲ ದಿನ ಶರ್ಲಿನ್ ತಾಯಿಗಿಂತ ನಾಲ್ಕು ಸೀಟು ಮುಂದೆ ಹೋಗಿ ಕೂತಳು. ಜೊತೆಯ ನರ್ಸೊಬ್ಬಳು "ನಿನ್ನ ಮಮ್ಮಿ ನೈಟಿಗೆ ಯಾಕೆ?" ಎಂದು ಕೇಳಿದ್ದು, "ನನ್ನನ್ನು ಕಾಯ್ಲಿಕ್ಕೆ, ಪೊಲೀಸ್ ಡ್ಯೂಟಿ" ಎಂದು ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದು ಕಾರ್ಮೆಲ್‌ಗೆ ಕೇಳಿಸಿತು. ಅವಳು ಕಿಟಕಿಯ ಕಡೆ ತಿರುಗಿದಳು. ಬೈಯಲಿ. ಬೈಯುವುದಕ್ಕೆ ಅಮಲಿಳಿದ ಎಚ್ಚರ ಬೇಕು.

ಬೆಳಗ್ಗೆ ಎಂಟಕ್ಕೆ ವಾಪಸು ಬಂದು ಒಬ್ಬಳು ಮಂಚದಲ್ಲಿ, ಇನ್ನೊಬ್ಬಳು ನೆಲದ ಹಾಸಿಗೆಯಲ್ಲಿ. ಶರ್ಲಿನ್‌ಗೆ ನಿದ್ದೆ ಬರುತ್ತಿರಲಿಲ್ಲ. ಹೊರಳಾಡುತ್ತಿದ್ದಳು, ಎದ್ದು ನೀರು ಕುಡಿಯುತ್ತಿದ್ದಳು, ಕೈ ನಡುಗುತ್ತಿತ್ತು. ಕ್ಲಿನಿಕ್ಕಿನ ಹಿರಿಯ ಡಾಕ್ಟರಮ್ಮನ ಹತ್ತಿರ ಹೋಗು ಎಂದರೆ, ಗೊತ್ತಾದರೆ ಕೆಲಸ ಹೋಗ್ತದೆ ಎಂದು ಹೆದರುತ್ತಿದ್ದಳು. ಕೊನೆಗೆ ಆಲ್ರೊಯ್ ಫೋನಿನಲ್ಲೇ ಊರಿನ ಒಬ್ಬ ಡಾಕ್ಟರ ಹತ್ತಿರ ಮಾತಾಡಿಸಿದ. ಕಿಟಕಿಗೆ ದಪ್ಪ ಕಂಬಳಿ ಕಟ್ಟಿ ಕತ್ತಲು ಮಾಡಿದರು. ನಿದ್ದೆ ಬಾರದ ಹೊತ್ತಿಗೆ ಕಾರ್ಮೆಲ್ ಏನಾದರೂ ಹೇಳುತ್ತಿದ್ದಳು, ಹೆಚ್ಚಾಗಿ ಮಂಗಾಫಿನ ಮನೆಯ ಸುದ್ದಿ.

"ಆ ಎಂಜಿನಿಯರ್ ಮತ್ತೆ ಎಂತ ಆದ ಮಮ್ಮಿ?" ಎಂದು ಒಂದು ದಿನ ಶರ್ಲಿನ್ ಕತ್ತಲಲ್ಲೇ ಕೇಳಿದಳು.

"ಗೊತ್ತಿಲ್ಲ ಮಗಾ. ಹೆಂಡತಿ ಮಕ್ಕಳು ಹೋದ ಮೇಲೆ ಅವನ ಹತ್ತಿರ ಯಾರೂ ಇರ್ಲಿಲ್ಲ."

ಮಂಚ ಒಮ್ಮೆ ಕಿರ್ರೆಂದಿತು. ಮಗಳಿಗೆ ನಿದ್ದೆ ಬಂತೋ ಇಲ್ಲವೋ ತಿಳಿಯದೆ ಕಾರ್ಮೆಲ್ ಉಸಿರಿನ ಸದ್ದಿಗೆ ಕಿವಿ ಕೊಟ್ಟು ಮಲಗಿದಳು. ಅವಳ ಕಣ್ಣುಗಳು ಉರಿಯುತ್ತಿದ್ದವು. ಆರರ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.